ಗಮನ

ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಗೆ ಮೊಬೈಲ್ ಒರಗಿಸಿಟ್ಟು ನಾನು ಪಾಠ ಹೇಳಿದ್ದು 2020ರಲ್ಲಿ. ಕೊರೊನಾ ಬಂದು ಶಾಲೆಗಳು ಮುಚ್ಚಿದ್ದವು. ಸಿಂಧನೂರಿನ ನಮ್ಮ ಓಣಿ ಬೆಳಗಿನ ಹತ್ತು ಗಂಟೆಗೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನೆಂದೂ ಕಂಡಿರಲಿಲ್ಲ. ಪಕ್ಕದ ಒಲೆಯ ಮೇಲೆ ಬೇಳೆ. ಎದುರಿಗೆ ಒಂಬತ್ತನೇ ತರಗತಿಯ ಮಕ್ಕಳು. ಬೆರಳಿನಿಂದ ಸರಿಸಿದಷ್ಟೂ ಚೌಕಗಳು. ಕೆಲವದರಲ್ಲಿ ಮುಖ, ಹೆಚ್ಚಿನವುಗಳಲ್ಲಿ ಬರೀ ಹೆಸರಿನ ಮೊದಲ ಅಕ್ಷರ.

ಆ ಅಕ್ಷರಗಳ ಮೇಲೆ ನನಗೆ ಸಿಟ್ಟು. ಮುಖ ತೋರಿಸದವರು ಪಾಠ ಕೇಳುತ್ತಿಲ್ಲವೆಂದೇ ನನ್ನ ಲೆಕ್ಕ. ಒಂದು ದಿನ ಅಂಥ ಅಕ್ಷರದ ಹಿಂದಿದ್ದ ಹುಡುಗಿಯೊಬ್ಬಳನ್ನು ಮೂರು ಸಲ ಕರೆದೆ. ಉತ್ತರವಿಲ್ಲ. "ಏನವ್ವ, ಇನ್ನಾ ಹಾಸಿಗಿ ಬಿಟ್ಟು ಎದ್ದಿಲ್ಲೇನು?" ಎಂದೆ. ನಾಲ್ಕಾರು ಮಕ್ಕಳು ನಕ್ಕರು. ಆ ಅಕ್ಷರ ಪರದೆಯಿಂದ ಮಾಯವಾಯಿತು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಅದೇ ಹೊತ್ತಿಗೆ ಪಡಸಾಲೆಯಲ್ಲಿ ನನ್ನ ಮಗ ತನ್ನ ಶಾಲೆಯ ಪಾಠಕ್ಕೆ ಕೂತಿರುತ್ತಿದ್ದ. ತಲೆ ಬಾಚಿಕೊಂಡು, ಅಪ್ಪನ ಕಂಪ್ಯೂಟರಿನಲ್ಲಿ ಕಣ್ಣು ನೆಟ್ಟು. "ನಿಮ್ಮ ಹುಡುಗನ ಲಕ್ಷ್ಯ ಭಾಳ ಚಲೋ ಅದರಿ" ಎಂದು ಅವನ ಟೀಚರು ಫೋನಿನಲ್ಲಿ ಹೊಗಳಿದ್ದರು. ಒಮ್ಮೆ ಚಹಾ ಕೊಡಲು ಹೋದವಳು ಅವನ ಬೆನ್ನ ಹಿಂದೆ ನಿಂತು ನೋಡಿದೆ. ಪಾಠ ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿತ್ತು. ಉಳಿದ ಪರದೆಯ ತುಂಬ ಕಾರುಗಳ ರೇಸು ನಡೆದಿತ್ತು.

ನನ್ನ ತವರು ಲಿಂಗಸುಗೂರು. ಸಿಂಧನೂರಿನಿಂದ ಅಲ್ಲಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆ ಹಾಯುತ್ತದೆ. ಆ ಹುಡುಗಿ ಹಾಸ್ಟೆಲ್ ಮುಚ್ಚಿದ ಮೇಲೆ ಮಸ್ಕಿಯ ತನ್ನ ಮನೆಗೆ ಹೋಗಿದ್ದಳು. ನವೆಂಬರಿನಲ್ಲಿ, ಭತ್ತದ ಕೊಯ್ಲಿನ ದಿನಗಳಲ್ಲಿ, ಅವ್ವನನ್ನು ನೋಡಲು ಹೊರಟವಳು ನಡುವೆ ಮಸ್ಕಿಯಲ್ಲಿ ಇಳಿದೆ.

ಮನೆ ಎಂದರೆ ಒಂದೇ ಕೋಣೆ. ಗೋಡೆಯ ಮಗ್ಗುಲಿಗೆ ಹಾಸಿಗೆ ಹಿಡಿದ ಅಜ್ಜಿ. ಮೈಮೇಲಿನ ಬಟ್ಟೆಯ ಪರಿವೆಯಿಲ್ಲ. ಕ್ಯಾಮೆರಾ ತೆರೆದರೆ ಇಡೀ ತರಗತಿಗೆ ಅಜ್ಜಿ ಕಾಣುತ್ತಾಳೆ. ಮೈಕು ತೆರೆದರೆ ಆಕೆಯ ನರಳಾಟ ಕೇಳುತ್ತದೆ. "ಅಜ್ಜಿ ಮರ್ಯಾದಿ ಹೋಗ್ತಿತ್ರಿ ಅಕ್ಕೋರ, ಅದಕ್ಕ ಸುಮ್ನಿದ್ದೆ" ಎಂದಳು ಹುಡುಗಿ.

ಅವಳ ನೋಟ್‌ಬುಕ್ ತೆರೆದೆ. ನಾನು ಹೇಳಿದ್ದೆಲ್ಲ ಅಲ್ಲಿತ್ತು. ನೆಟ್‌ವರ್ಕ್ ಹೋದಲ್ಲೆಲ್ಲ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಳು, ಯಾರನ್ನಾದರೂ ಕೇಳಿ ತುಂಬಲಿಕ್ಕೆ. ಒಂದೇ ಪುಟದಲ್ಲಿ ಅಂಥ ಏಳು ಗೆರೆ. ನಾನು ಅವಳನ್ನು ನಗೆಗೀಡು ಮಾಡಿದ ದಿನದಿಂದಾಚೆ ಹಾಳೆಗಳು ಖಾಲಿ.

ಮುಂದಿನ ಬಸ್ಸಿನಲ್ಲಿ ಕೂತು ಯೋಚಿಸಿದೆ. ಪಾಠದಲ್ಲಿ ಇದ್ದವರು ಯಾರು, ಇಲ್ಲದವರು ಯಾರು? ಮುಖ ತೋರಿಸಿದ ನನ್ನ ಮಗ ಇರಲಿಲ್ಲ. ಮುಖ ಮುಚ್ಚಿದ ಹುಡುಗಿ ಇದ್ದಳು, ನಾನೇ ಅಟ್ಟುವವರೆಗೆ. ಶಾಲೆಯ ಕೋಣೆಯಲ್ಲಾದರೆ ಹಿಂದಿನ ಬೆಂಚಿನ ಕಣ್ಣು ಮಂಕಾದ ಕೂಡಲೇ ಹತ್ತಿರ ಹೋಗಿ ಭುಜ ಮುಟ್ಟುತ್ತೇವೆ. ಜ್ವರವೋ ಹಸಿವೋ ತುಂಟತನವೋ ಅಲ್ಲೇ ತಿಳಿಯುತ್ತದೆ. ಪರದೆಯ ಮುಂದೆ ಆ ಮುಟ್ಟುವಿಕೆ ಹೋಯಿತು, ತೀರ್ಪು ಹೇಳುವ ಚಟ ಮಾತ್ರ ಉಳಿಯಿತು.

ಗಮನ ಎಂಬ ಪದಕ್ಕೆ ಹೋಗುವುದು ಎಂಬ ಅರ್ಥವೂ ಉಂಟು. ಆಗಮನ, ನಿರ್ಗಮನ ಎನ್ನುತ್ತೇವಲ್ಲ. ಗಮನ ಕೊಡಿ ಎಂದು ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುವ ನಾವು ಮಕ್ಕಳ ಕಡೆಗೆ ಎಷ್ಟು ಹೆಜ್ಜೆ ಹೋಗಿದ್ದೇವೆ?

"ಒಬ್ಬೊಬ್ಬರ ಮನೀಗೂ ಹೋಗೂದು ಆಗ್ತದೇನ್ರಿ?" ಎಂದರು ನನ್ನ ಜೊತೆಯ ಟೀಚರೊಬ್ಬರು. ನಿಜ. ನಮ್ಮ ಮನೆಗಳಲ್ಲೂ ವಯಸ್ಸಾದವರಿದ್ದರು, ನಮಗೂ ಜೀವದ ಭಯವಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಯೋಜನೆ ತಂದು, ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳನ್ನು ಸಣ್ಣ ಗುಂಪು ಕೂಡಿಸಿ ಪಾಠ ಶುರುಮಾಡಿಸಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಹೋಗದಿದ್ದರೆ ಮಗು ಕೈತಪ್ಪುತ್ತದೆ, ಹೋದರೆ ರೋಗ ಒಯ್ದಂತಾಗುತ್ತದೆ. ಇಂಥ ಇಕ್ಕಟ್ಟಿನಲ್ಲಿ ಧರ್ಮ ಯಾವುದು? ಎಲ್ಲರ ಮನೆಗೂ ಹೋಗುವುದು ನನ್ನಿಂದ ಆಗಲಿಲ್ಲ. ಆದರೆ ಗೊತ್ತಿಲ್ಲದೆ ತೀರ್ಪು ಹೇಳದಿರುವುದು ಆಗುತ್ತಿತ್ತು. ಅಷ್ಟನ್ನಾದರೂ ಮಾಡಬೇಕಿತ್ತು.

ಆಮೇಲೆ ಮುಖ ತೋರಿಸಲೇಬೇಕೆಂಬ ಹಟ ಬಿಟ್ಟೆ. ನಲವತ್ತು ನಿಮಿಷದ ಮಾತನ್ನು ಇಪ್ಪತ್ತಕ್ಕೆ ಇಳಿಸಿ, ಉಳಿದ ಹೊತ್ತನ್ನು ಮಕ್ಕಳ ಬರವಣಿಗೆಗೆ ಬಿಟ್ಟೆ. ಮಾತಾಡಲು ನಾಚುವವರು ಉತ್ತರವನ್ನು ವಾಟ್ಸಾಪಿನಲ್ಲಿ ಧ್ವನಿ ಮಾಡಿ ಕಳಿಸಿದರು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರಿಗೆ ತಪ್ಪಿದ್ದನ್ನು ಇನ್ನೊಬ್ಬರು ಹೇಳಬೇಕೆಂದೆ. ದಿನಕ್ಕೆ ಐದು ಮಕ್ಕಳಿಗೆ ಸಂಜೆ ಫೋನು ಮಾಡಿದೆ. ಮೊದಲು ಊಟದ ಮಾತು, ಆಮೇಲೆ ಪಾಠದ ಮಾತು. ಮಸ್ಕಿಯ ಹುಡುಗಿಗೆ ಮೊದಲು ತಪ್ಪಾಯಿತೆಂದು ಹೇಳಿದೆ.

ಮಗನಿಗೆ ಬೇರೆ ಮದ್ದು. ಮೆಂತ್ಯೆ ಸೊಪ್ಪು ಬಿಡಿಸುತ್ತ ಅವನ ಪಕ್ಕದಲ್ಲೇ ಕೂತೆ. ಮಧ್ಯಾಹ್ನ ರೊಟ್ಟಿ ಬಡಿಯುವಾಗ, ಇವತ್ತಿನ ಪಾಠ ನನಗೆ ಹೇಳಿಕೊಡು ಎಂದೆ. ಎರಡೇ ನಿಮಿಷಕ್ಕೆ ಬಣ್ಣ ಬಯಲಾಯಿತು. ಅವಳಿಗೆ ಬೇಕಾದದ್ದು ನಂಬಿಕೆ, ಇವನಿಗೆ ಬೇಕಾದದ್ದು ಕಾವಲು. ಎರಡಕ್ಕೂ ಯಾರಾದರೂ ಬಳಿಗೆ ಹೋಗಲೇಬೇಕು. ಶಾಲೆ ತೆರೆದು ವರ್ಷಗಳಾದರೂ ಮೊಬೈಲಿನ ಪಾಠ ನಮ್ಮ ಮನೆಗಳನ್ನು ಬಿಟ್ಟುಹೋಗಿಲ್ಲ. ಹಣ ಕಟ್ಟಿದ್ದೇವೆ, ಫೋನು ಕೊಡಿಸಿದ್ದೇವೆ, ಇನ್ನು ಓದುವುದು ಅವರ ಕೆಲಸ ಎಂದು ತಾಯಂದಿರು ಹೇಳುವುದನ್ನು ಕೇಳಿದಾಗ ಇದೆಲ್ಲ ನೆನಪಾಗುತ್ತದೆ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇರುವ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂತು. ದೊಡ್ಡವರಿಗೆ ಮಾತ್ರ ದಕ್ಕುವುದು ಎಂದು ಭಾವಿಸಬೇಡಿ, ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ದಕ್ಕುತ್ತದೆ, ಇಬ್ಬರಿಗೂ ಇದನ್ನು ಹೇಳಬೇಕು ಎಂಬುದು ಅದರ ಮಾತಿನ ಸಾರ. ಅರಸ ಕಲ್ಲಿನ ಮೇಲೆ ಬರೆಸಿದನೇನೋ ಸರಿ. ಅಂದು ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಸಣ್ಣವರಿಗೆ ತಲುಪಬೇಕಾದರೆ ಯಾರೋ ಅವರ ಬಳಿ ನಿಂತು ಬಾಯಿಬಿಟ್ಟು ಹೇಳಬೇಕು. ಕಲ್ಲಾದರೇನು, ಗಾಜಿನ ಪರದೆಯಾದರೇನು?

2021ರ ಫೆಬ್ರವರಿಯಲ್ಲಿ ಒಂಬತ್ತನೇ ತರಗತಿ ಮತ್ತೆ ಶುರುವಾಯಿತು. ಹುಡುಗಿ ಬಂದಳು. ನೋಟ್‌ಬುಕ್ಕಿನ ಆ ಪುಟ ತೆರೆದು ತೋರಿಸಿದಳು. ಏಳರಲ್ಲಿ ಐದು ಗೆರೆ ತುಂಬಿದ್ದವು.

"ಇವೆರಡು ಯಾರಿಗೂ ಕೇಳಿಸಿಲ್ಲಂತ್ರಿ ಅಕ್ಕೋರ."

ಅವಳ ಪಕ್ಕದ ಬೆಂಚಿನಲ್ಲಿ ಕೂತೆ. ಆ ದಿನ ಏನು ಹೇಳಿದ್ದೆನೆಂದು ನೆನಪಿಸಿಕೊಳ್ಳಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು.