ಬಂದವರಿಗೆ ನೆಲೆ

ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟದೆಂಬುದು ವಿಜ್ಞಾನದ ದೀರ್ಘಕಾಲದ ನಂಬಿಕೆಯಾಗಿತ್ತು. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಇಲಿಗಳಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಮುಂದಿಟ್ಟರು. ಬಹುಕಾಲ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಇಂದು ನಾವು ಬಲ್ಲೆವು: ಇಲಿಯ ಮಿದುಳಿನ ಒಳಕುಹರದ ಅಂಚಿನಲ್ಲಿ ಎಳೆಯ ನರಕೋಶಗಳು ಜನಿಸಿ, ಒಂದರ ಮೇಲೊಂದು ಜಾರುತ್ತ, ಸರಪಣಿಗಟ್ಟಿ ಸಾಗಿ, ವಾಸನೆಯನ್ನು ಗ್ರಹಿಸುವ ಭಾಗವನ್ನು ಸೇರುತ್ತವೆ. ಸೇರಿದವುಗಳಲ್ಲಿ ಸುಮಾರು ಅರ್ಧದಷ್ಟು ಕೆಲವೇ ವಾರಗಳಲ್ಲಿ ಅಳಿಯುತ್ತವೆ. ವಾಸನೆಯ ಅನುಭವ ದೊರೆಯದಿದ್ದರೆ ಅಳಿವು ಇನ್ನೂ ಹೆಚ್ಚು. ತಲುಪಿದರಷ್ಟೇ ಸಾಲದು, ಕೂಡುವ ನಂಟೂ ಮಾಡುವ ಕೆಲಸವೂ ಬೇಕು.

ಮನುಷ್ಯರಲ್ಲಾದರೋ ಈ ವಲಸೆ ಶೈಶವದಲ್ಲಿ ಭರದಿಂದ ನಡೆದು, ಸುಮಾರು 18 ತಿಂಗಳ ಬಳಿಕ ಬಹುಮಟ್ಟಿಗೆ ನಿಲ್ಲುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇಂತಹ ಸಂಗತಿಗಳಿಂದ ನಾವು ನೀತಿಯನ್ನು ಪಡೆಯಬಹುದೆ? ಸರಪಣಿಯನ್ನು ತೋರಿಸಿ ಸಹಕಾರವೇ ನಿಸರ್ಗದ ನಿಯಮವೆನ್ನಬಹುದು. ಅಳಿದ ಅರ್ಧವನ್ನು ತೋರಿಸಿ ಉಪೇಕ್ಷೆಯೇ ನಿಯಮವೆಂದೂ ವಾದಿಸಬಹುದು. ಎರಡೂ ಸಲ್ಲವು. ಕೋಶಕ್ಕೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದೆಡೆ ಧರ್ಮವಿಲ್ಲ, ಅಧರ್ಮವೂ ಇಲ್ಲ. ನಮಗೆ ಆಯ್ಕೆಯಿದೆ. ಆದ್ದರಿಂದಲೇ ಹೊಸಬರ ಉಳಿವು ನಮ್ಮ ಪಾಲಿಗೆ ಹೊಣೆ.

ಗಡಿಯಾಚೆ ತಲೆಮಾರುಗಳಿಂದ ನೆಲೆಸಿರುವ ನಾವು, ಪರಭಾಷೆಯ ಶಾಲೆಯಲ್ಲಿ ಓದಿ ಕನ್ನಡದಲ್ಲಿ ತಡವರಿಸುವ ಮಕ್ಕಳು ಸಭೆಗೆ ಬಂದರೆಂದು ಹಿಗ್ಗುತ್ತೇವೆ, ಅವರ ತಪ್ಪುಗಳಿಗೆ ನಗುತ್ತೇವೆ, ಹಿಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಅವರು ಮರಳಿ ಬಾರದಿದ್ದಾಗ ಕಾಲವನ್ನು ದೂರುತ್ತೇವೆ. ದೂರುವ ಮೊದಲು ಕೇಳಿಕೊಳ್ಳೋಣ: ಅವರಿಗೆ ನಾವು ಯಾವ ಕೆಲಸವನ್ನು ಕೊಟ್ಟೆವು?