ಯಾವ ದಿನದ ಪದ್ಮಿನಿ?

ಚಂದಾನಗರದ ಗ್ಯಾರೇಜಿನ ಚಾಚಾ ನಮ್ಮ ಪ್ರೀಮಿಯರ್ ಪದ್ಮಿನಿಗೆ ಎರಡು ಸುತ್ತು ಬಂದು, ಬಾನೆಟ್ ಎತ್ತಿ ನೋಡಿ, ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ: ‘ಕಂಪ್ನಿ ಜೈಸಾ ಕರ್ನಾ ಸಾಬ್, ಯಾ ಆಪ್‌ಕೀ ಮರ್ಜೀ ಜೈಸಾ?’ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಮಾಡಿಕೊಡಲೋ, ನಿಮಗೆ ಬೇಕಾದ ಹಾಗೆ ಮಾಡಲೋ? ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಬರಲು ಏಳು ತಿಂಗಳು ಹಿಡಿಯಿತು.

ಕಾರು ಅಪ್ಪನದು. 1978ರದ್ದು. ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟಿದ್ದ ಅಪ್ಪ 1986ರಲ್ಲಿ ಒಬ್ಬ ಡಾಕ್ಟರ್ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಅಪ್ಪ ಹೋಗಿ ಮೂರು ವರ್ಷವಾಯಿತು. ತಗಡಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಗಾಡಿಯನ್ನು ಲಾರಿ ಮೇಲೆ ಹೇರಿಸಿ ಲಿಂಗಂಪಲ್ಲಿಗೆ ತರಿಸಿದೆ. ಅವ್ವನೂ ಆಗಲೇ ನಮ್ಮ ಜೊತೆ ಇರಲು ಬಂದಿದ್ದಳು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವ ಕಾರಿಗೆ ಸಲ್ಯೂಟ್ ಹೊಡೆದ, ನನಗಲ್ಲ.

ಚಾಚಾನ ಪ್ರಶ್ನೆ ನನಗೆ ಮೊದಲು ಸುಲಭ ಅನ್ನಿಸಿತ್ತು. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು, ಅಷ್ಟೇ. ಇಟಲಿಯ ಫಿಯಟ್ 1100ರ ವಿನ್ಯಾಸ, ಮುಂಬೈನ ಕುರ್ಲಾದಲ್ಲಿ ತಯಾರಿ, 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದ ಗೇರ್, ಮುಂದೆ ಮೂವರು ಕೂರಬಹುದಾದ ಒಂದೇ ಉದ್ದ ಸೀಟು. ಮುಂಬೈಯಲ್ಲಿ ಕರಿ-ಹಳದಿ ಟ್ಯಾಕ್ಸಿಯಾಗಿ ಓಡಿದ ಕೊನೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಇಂಥದ್ದಕ್ಕೆ ಅಲಾಯ್ ಚಕ್ರ, ಟಚ್ ಸ್ಕ್ರೀನ್ ಹಾಕಿಸುವುದು ಅಜ್ಜಿಗೆ ಜೀನ್ಸ್ ತೊಡಿಸಿದಂತೆ ಎಂದು ಆಫೀಸಿನಲ್ಲಿ ಭಾಷಣ ಬಿಗಿದಿದ್ದೆ. ಕಾನೂನೂ ನನ್ನ ಪರ ಇತ್ತು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗದೆ ಮೂಲರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರ್ ಪ್ಲೇಟಿನ ಮೇಲೆ ‘ವಿಎ’ ಎಂಬ ಅಕ್ಷರ ಬರುತ್ತದೆ. ನಮ್ಮ ಪದ್ಮಿನಿಗೆ 2028ಕ್ಕೆ ಐವತ್ತು. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬೇಕು. ಅಂದರೆ ಗೌರವ ಸಿಗುತ್ತದೆ, ತರಕಾರಿ ತರಲು ಹೋಗುವ ಹಕ್ಕು ಹೋಗುತ್ತದೆ.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹಳೇ ಊರಿಗೆ ಹೋದೆ. ಚೌಮೊಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಇದೆ. ಉಸಿರು ತಾಗಿದರೂ ಮಾಸೀತು ಎಂಬಷ್ಟು ಹೊಳಪು. ಅಲ್ಲಿಂದ ಬಹದ್ದೂರ್‌ಪುರದ ಸುಧಾ ಕಾರ್ಸ್ ಮ್ಯೂಸಿಯಂಗೆ ಹೋದೆವು. ಅಲ್ಲಿ ಷೂ ಆಕಾರದ ಕಾರು, ಫುಟ್‌ಬಾಲ್ ಆಕಾರದ ಕಾರು, ಕ್ರಿಕೆಟ್ ಬ್ಯಾಟ್ ಆಕಾರದ ಕಾರು. ಎಲ್ಲವೂ ಸುಧಾಕರ್ ಎಂಬ ಒಬ್ಬರ ಹುಚ್ಚಿನಿಂದ ಹುಟ್ಟಿದವು. ಮಗಳು ರೋಲ್ಸ್ ರಾಯ್ಸ್ ಮುಂದೆ ಆಕಳಿಸಿದಳು, ಷೂ ಮುಂದೆ ಕುಣಿದಳು. ನನಗೆ ಅದರಿಂದ ಉತ್ತರವೇನೂ ಸಿಗಲಿಲ್ಲ, ಬಿಸಿಲು ಮಾತ್ರ ಸಿಕ್ಕಿತು.

ಗೊಂದಲ ಶುರುವಾಗಿದ್ದು ಪೇಂಟರ್‌ನಿಂದ. ಎಡಗಡೆಯ ಮಡ್‌ಗಾರ್ಡ್ ಮೇಲೆ ಅಂಗೈಯಗಲ ಉಜ್ಜಿ ತೋರಿಸಿದ. ಮೇಲೆ ನಮ್ಮ ಕೆನೆ ಬಣ್ಣ, ಅದರಡಿ ಬೂದು ಪುಟ್ಟಿ, ಅದರಡಿ ತಿಳಿನೀಲಿ, ಕೊನೆಗೆ ಕೆಂಗಂದು ಪ್ರೈಮರ್. ನಮ್ಮ ಕಾರು ನೀಲಿ! ಕೊಂಡ ಮೇಲೆ ಅಪ್ಪ ಕೆನೆ ಬಣ್ಣ ಹೊಡೆಸಿದ್ದನಂತೆ. ನಾನು ನೀಲಿ ಪದ್ಮಿನಿಯನ್ನು ನೋಡಿಯೇ ಇಲ್ಲ. ‘ಕಂಪನಿಯಂತೆ’ ಮಾಡಿಸಿದರೆ ನನಗೆ ವಾಪಸ್ ಸಿಗುವುದು ಅಪ್ಪನ ಕಾರಲ್ಲ, ಹೆಸರೂ ನೆನಪಿಲ್ಲದ ಆ ಡಾಕ್ಟರ ಕಾರು. ಎಂಟು ವರ್ಷ ಅವರದು, ನಲವತ್ತು ವರ್ಷ ನಮ್ಮದು. ಮೂಲ ಎಂಬ ಪಟ್ಟ ಮಾತ್ರ ಮೊದಲ ದಿನಕ್ಕೆ. ಯಾಕೆ?

ನಮ್ಮ ಗುಡಿಗಳು ಈ ಪ್ರಶ್ನೆಯನ್ನು ಯಾವತ್ತೋ ಎದುರಿಸಿವೆ. ಜೀರ್ಣೋದ್ಧಾರದಲ್ಲಿ ಮೂರ್ತಿಯ ಕಳೆಯನ್ನು ಕಲಶಕ್ಕೆ ಇಳಿಸಿ, ಬಾಲಾಲಯದಲ್ಲಿಟ್ಟು, ಗುಡಿ ರಿಪೇರಿಯಾದ ಮೇಲೆ ಮತ್ತೆ ತುಂಬುತ್ತಾರೆ. ಭಿನ್ನವಾದ ಮೂರ್ತಿಯನ್ನು ಬದಲಿಸಿದರೂ ದೇವರು ಅದೇ. ಹಂಪಿಯಲ್ಲಿ ಎರಡು ಬಗೆಯ ಉತ್ತರಗಳೂ ಒಂದೇ ಊರಲ್ಲಿವೆ. ಪೂಜೆ ನಡೆಯುವ ವಿರೂಪಾಕ್ಷನ ಗುಡಿಗೆ ಸುಣ್ಣ-ಬಣ್ಣ, ಕರೆಂಟು ಎಲ್ಲ ಬಂದಿವೆ. ಪೂಜೆ ನಿಂತ ವಿಠ್ಠಲನ ಗುಡಿಯಲ್ಲಿ ಕಲ್ಲು ಮುಟ್ಟಲೂ ಅಪ್ಪಣೆ ಬೇಕು. ಬಳಕೆಯಲ್ಲಿರುವುದು ಬದಲಾಗುತ್ತದೆ, ಬಳಕೆ ನಿಂತದ್ದು ಮೂಲವಾಗುತ್ತದೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟುರಿನ್ ಸನ್ನದು ಕೂಡ ಗಾಡಿಯ ಬಳಕೆಯ ಚರಿತ್ರೆಯನ್ನು ಗೌರವಿಸಬೇಕು ಎನ್ನುತ್ತದೆ. ಇದನ್ನು ಓದಿ ನನಗೆ ಸಮಾಧಾನವಾಯಿತು. ಸರಿ, 1978ಕ್ಕೆ ಅಲ್ಲ, ಅಪ್ಪನ ಕಾಲಕ್ಕೆ ಮರಳಿಸೋಣ ಎಂದು ನಿರ್ಧರಿಸಿದೆ. ಕೆನೆ ಬಣ್ಣ ಇರಲಿ, ಮೇಲಿನ ಕ್ಯಾರಿಯರ್ ಇರಲಿ, ಡ್ಯಾಶ್‌ಬೋರ್ಡಿನ ಗಾದಿ ಇರಲಿ.

ಆ ಗಾದಿಯ ಕತೆ ಹೇಳಬೇಕು. 1993ರಲ್ಲಿ ಮಂತ್ರಾಲಯಕ್ಕೆ ಹೊರಟಿದ್ದೆವು. ನನಗೆ ಹನ್ನೆರಡು, ಹಿಂದೆ ಕೂತಿದ್ದೆ. ಎಮ್ಮೆಯೊಂದು ಅಡ್ಡ ಬಂತು, ಅಪ್ಪ ಜೋರಿನಲ್ಲಿದ್ದ, ಬ್ರೇಕ್ ತುಳಿದ. ಸೀಟ್ ಬೆಲ್ಟ್ ಎಂಬುದು ಆ ಕಾರಿನಲ್ಲಿ ಇರಲೇ ಇಲ್ಲ. ಮುಂದೆ ಕೂತಿದ್ದ ಅವ್ವನ ಹಣೆ ತಗಡಿನ ಡ್ಯಾಶ್‌ಬೋರ್ಡಿಗೆ ಬಡಿಯಿತು. ಐದು ಹೊಲಿಗೆ. ಮರುವಾರ ಅಪ್ಪ ಗಾಡಿಯನ್ನು ಸೀಟು ಹೊಲಿಯುವವನ ಹತ್ತಿರ ಬಿಟ್ಟು, ಅವ್ವ ಕೂರುವ ಕಡೆ ದಪ್ಪ ಸ್ಪಂಜಿನ ಮೇಲೆ ಕೆಂಪು ರೆಕ್ಸಿನ್ ಹೊಲಿಸಿ, ಸ್ಕ್ರೂ ಹೊಡೆಸಿಕೊಂಡು ಬಂದ. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಗಾದಿಯೇ ಅಪ್ಪನ ಕ್ಷಮಾಪಣೆ ಎಂದು ನಾನು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಚಾಚಾ ಅದನ್ನು ಕಿತ್ತೆಸೆಯಬೇಕು ಅಂದಾಗ ನನಗೆ ಸಿಟ್ಟೇ ಬಂತು.

ಅವತ್ತು ಸಂಜೆ ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನನ್ನ ತೀರ್ಮಾನವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಗಾದಿ ತೆಗೆಸುವುದಿಲ್ಲ, ಅದು ಅಪ್ಪ ಕ್ಷಮೆ ಕೇಳಿದ ಗುರುತು, ಎಂದೆ.

‘ಯಾರಿಗೆ ಕೇಳಿದ್ರು?’ ಅಂದಳು.

ನಾನು ಸುಮ್ಮನಾದೆ.

‘ನಿಮ್ಮಪ್ಪಾರು ಗಾದಿ ಹಾಕ್ಸಿದ್ರು. ಗಾಡಿ ಸಾವಕಾಶ ಹೊಡಿಯೋದು ಕಲೀಲಿಲ್ಲ. ಹದಿನೈದು ವರ್ಷ ಅದರ ಮುಂದ ಕುಂತೀನಿ. ಬ್ರೇಕ್ ಹಾಕಿದಾಗೊಮ್ಮೆ ಕೈ ತಾನಾಗೇ ಹಣೀಗೆ ಹೋಗ್ತಿತ್ತು. ಬಾಯಿಬಿಟ್ಟು ಒಂದ್ ಮಾತು ಅಂದಿದ್ರ ಸಾಕಾಗಿತ್ತು ನನಗ.’ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾ, ‘ಹುಡುಗಿ ಕುಂದ್ರೋ ಗಾಡಿ. ಮೊದ್ಲ ಪಟ್ಟಿ ಹಾಕ್ಸು’ ಅಂದಳು. ಪಟ್ಟಿ ಎಂದರೆ ಸೀಟ್ ಬೆಲ್ಟು.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇಪ್ಪತ್ತು ಜನರ ಟೀಮಿಗೆ ನಾನು ದಿನಾ ಹೇಳುವ ಮಾತೊಂದಿದೆ: ಬಳಸುವವರನ್ನು ಕೇಳದೆ ಏನನ್ನೂ ಕಟ್ಟಬೇಡಿ. ಈ ಕಾರಿಗೂ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಖರ್ಚು, ಬಿಡಿಭಾಗ, ಕಾನೂನು, ಭಾವನೆ ಎಂದು ಕಾಲಂ ಹಾಕಿ ಅಂಕ ಕೊಟ್ಟಿದ್ದೆ. ಭಾವನೆಯ ಕಾಲಂನಲ್ಲಿ ನನ್ನದೊಂದೇ ಹೆಸರು. ಹಣೆ ಒಡೆದುಕೊಂಡವಳು ಪಕ್ಕದ ಕೋಣೆಯಲ್ಲಿದ್ದಳು.

ಅಪ್ಪ ಕೆಟ್ಟವನಲ್ಲ. ಅವನ ಕಾಲದ ಗಂಡಸರು ತಪ್ಪಾದಾಗ ಏನನ್ನಾದರೂ ಕೊಂಡು ತರುತ್ತಿದ್ದರು, ಇಲ್ಲವೇ ರಿಪೇರಿ ಮಾಡಿಸುತ್ತಿದ್ದರು. ರಿಲೀಸ್ ಇದೆ ಅಂತ ಮಗಳ ಸ್ಕೂಲ್ ಡೇ ತಪ್ಪಿಸಿಕೊಂಡು, ಮರುದಿನ ಹೊಸ ಟ್ಯಾಬ್ ತಂದುಕೊಟ್ಟ ನಾನು ಇದರಲ್ಲಿ ಬೇರೇನೂ ಮಾಡಿಲ್ಲ. ಆದರೆ ಸ್ಮಾರಕ ಅಂತ ನಾನು ಕಾಪಾಡಹೊರಟಿದ್ದು ಒಬ್ಬಳ ಪಾಲಿಗೆ ಬರೀ ನೋವಿನ ಗುರುತಾಗಿತ್ತು ಎಂಬುದು ಕಾರಿಗಷ್ಟೇ ಸಂಬಂಧಿಸಿದ ವಿಷಯವಲ್ಲ ಅನ್ನಿಸುತ್ತದೆ. ಊರು ಬಿಟ್ಟ ನಮಗೆ ಇದು ಹೆಚ್ಚು. ತೊಟ್ಟಿ ಮನೆ ಕೆಡವಬಾರದು ಎಂದು ನಾವು ಇಲ್ಲಿಂದ ಫೋನಿನಲ್ಲಿ ಹೇಳುತ್ತೇವೆ. ಅದರ ಹೊಸ್ತಿಲುಗಳನ್ನು ಮಂಡಿನೋವಿನಲ್ಲಿ ದಾಟುವವರು ಬೇರೆ.

ಚಾಚಾಗೆ ಕೊನೆಗೂ ಉತ್ತರ ಕೊಟ್ಟೆ. ಮುಂದೆ, ಹಿಂದೆ ಬೆಲ್ಟು. ಬೆಲ್ಟಿನ ಬೋಲ್ಟುಗಳು ಎಳೆತ ತಡೆಯಬೇಕೆಂದರೆ ಬಾಡಿಗೆ ಒಳಗಿನಿಂದ ದಪ್ಪ ಪ್ಲೇಟು ಬೆಸೆಯಬೇಕು. ಅದು ‘ಗಣನೀಯ ಬದಲಾವಣೆ’ಯೋ ಅಲ್ಲವೋ ಎಂಬುದನ್ನು 2028ರಲ್ಲಿ ಅಧಿಕಾರಿಗಳು ನೋಡಿಕೊಳ್ಳಲಿ, ವಿಎ ಪ್ಲೇಟಿನ ಆಸೆಯನ್ನು ನಾನಂತೂ ಬಿಟ್ಟಿದ್ದೇನೆ. ನಾಲ್ಕೂ ಚಕ್ರದ ಡ್ರಮ್ ಬ್ರೇಕುಗಳಿಗೆ ಹೊಸ ಲೈನಿಂಗ್, ಹೊಸ ಪೈಪು. ಎಸಿ ಬೇಡ. ಗೇರ್ ಸ್ಟೇರಿಂಗ್ ಪಕ್ಕದಲ್ಲೇ ಇರಲಿ, ಅದು ನನ್ನ ಚಪಲ, ಸಮರ್ಥನೆ ಇಲ್ಲ. ಬಣ್ಣ ಕೆನೆ. ಪೇಂಟರ್ ಉಜ್ಜಿದ ಅಂಗೈಯಗಲ ನೀಲಿಯನ್ನು ಹಾಗೇ ಬಿಡೋಣ ಎಂದು ಮಗಳು ಹಟ ಹಿಡಿದಿದ್ದಾಳೆ, ಅಲ್ಲಿ ತುಕ್ಕು ಹಿಡಿಯುತ್ತದೆ ಎಂದು ಪೇಂಟರ್. ಅದಿನ್ನೂ ತೀರ್ಮಾನವಾಗಿಲ್ಲ.

ಕಳೆದ ಶನಿವಾರ ಗಾದಿ ಕಿತ್ತರು. ಸ್ಪಂಜು ಪುಡಿಪುಡಿಯಾಗಿತ್ತು, ರೆಕ್ಸಿನ್ ಮಾತ್ರ ಗಟ್ಟಿ. ಅಡಿಯಲ್ಲಿ ಮಾಸದ ಒಂದು ಉದ್ದ ಪಟ್ಟಿ, ಅದರ ಮೇಲೆ ಎಂಟು ಸ್ಕ್ರೂ ತೂತು. ತುಂಬಿಸಿ ಬಣ್ಣ ಹೊಡೆದುಬಿಡಲೋ ಎಂದು ಚಾಚಾ ಕೇಳಿದರು.

ಅವ್ವನನ್ನು ಕೇಳಿ ಹೇಳುತ್ತೇನೆ ಅಂದೆ.