ಮನೆಗೂ ಅಂಗಡಿಗೂ ನಡುವಿನ ಗೋಡೆ

ಲೆಕ್ಕಶಾಸ್ತ್ರ ಕಲಿಯುವವರು ಮೊದಲ ವಾರದಲ್ಲೇ ಒಂದು ವಿಚಿತ್ರ ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ: ಅಂಗಡಿ ಬೇರೆ, ಅದರ ಒಡೆಯ ಬೇರೆ. ಹಾಗಾಗಿಯೇ ಒಡೆಯ ಹಾಕಿದ ಬಂಡವಾಳ ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಕಡೆಗಲ್ಲ, ಹೊಣೆಯ ಕಡೆಗೆ ಕೂರುತ್ತದೆ. ಅಂಗಡಿ ತನ್ನ ಒಡೆಯನಿಗೇ ಸಾಲಗಾರ! ಸಾಹಿತ್ಯದ ಸಂಶೋಧನೆಯಲ್ಲಿರುವ ನನಗೆ ಇದು ಸೊಗಸಾದ ಕಲ್ಪನೆಯಾಗಿ ಕಂಡಿತ್ತು. ಧಾರವಾಡದಲ್ಲಿ ನಾನು ಊಟ ಮಾಡುವ ಖಾನಾವಳಿಯ ಲೆಕ್ಕ ಬರೆದುಕೊಡಲು ಶುರುಮಾಡಿದ ಮೇಲೆ, ಈ ಕಲ್ಪನೆ ಯಾರ ಪರವಾಗಿದೆ ಎಂದು ಕೇಳಿಕೊಳ್ಳಬೇಕಾಯಿತು.

ಅದನ್ನು ನಡೆಸುವಾಕೆ ಒಬ್ಬರೇ ಮಾಲೀಕರು. ಒಂದು ತಿಂಗಳು ಊಟದಿಂದ ಬಂದದ್ದು ಸುಮಾರು 1,20,000 ರೂಪಾಯಿ. ಜೋಳ, ಬೇಳೆ, ತರಕಾರಿ, ಎಣ್ಣೆಗೆ 52,000, ಬಾಡಿಗೆ 12,000, ಗ್ಯಾಸಿಗೆ 9,000, ಸಹಾಯಕಿಯ ಕೂಲಿ 15,000. 36,000ಕ್ಕೆ ತಂದ ಫ್ರಿಜ್ಜು ಮೂರು ವರ್ಷ ಬಾಳುತ್ತದೆಂದು ಹಿಡಿದು ತಿಂಗಳಿಗೆ 1,000 ಸವಕಳಿ. "ಯಾರಿಗೂ ಕೊಡದ ರೊಕ್ಕ ಖರ್ಚು ಹೆಂಗಾತು?" ಎಂದು ಅವರು ನಕ್ಕರು. ಉಳಿದ 31,000 ಲಾಭ.

ಫ್ರಿಜ್ಜು ಸವೆದದ್ದು ಲೆಕ್ಕಕ್ಕೆ ಬಂತು. ಮನೆಗೆ ಒಯ್ದ ರೊಟ್ಟಿಯೂ ಬರುತ್ತದೆ. ಅದು ಖರ್ಚಲ್ಲ, ಒಡತಿಯ ಹಿಂತೆಗೆತ, ಬಂಡವಾಳದಿಂದ ಕಳೆಯಬೇಕು. ಆದರೆ ಮನೆಯಿಂದ ಅಂಗಡಿಗೆ ಬಂದದ್ದು ಹಣವೋ ಸಾಮಾನೋ ಅಲ್ಲದೆ ಬರೀ ದುಡಿಮೆಯಾಗಿದ್ದರೆ ಅದಕ್ಕೆ ಕಾಲಮ್ಮೇ ಇಲ್ಲ. ಅವರು ದಿನಕ್ಕೆ 14 ಗಂಟೆ ದುಡಿಯುತ್ತಾರೆ, ಕಾಲೇಜು ಮುಗಿಸಿ ಬಂದ ಮಗಳು 4 ಗಂಟೆ. ತಿಂಗಳಿಗೆ 540 ಗಂಟೆ. ಲಾಭವನ್ನು ಭಾಗಿಸಿದರೆ ಗಂಟೆಗೆ 57 ರೂಪಾಯಿ ಚಿಲ್ಲರೆ. 8 ಗಂಟೆಗೆ 500 ಪಡೆಯುವ ಸಹಾಯಕಿಗೆ ಸಿಗುವುದು 62.50. ಅದೇ ದರದಲ್ಲಿ ತಾಯಿ-ಮಗಳಿಗೂ ಕೂಲಿ ಹಿಡಿದರೆ ಖಾನಾವಳಿ 2,750 ರೂಪಾಯಿ ನಷ್ಟದಲ್ಲಿದೆ.

ಇದನ್ನು ಕಾಮರ್ಸ್ ಓದಿದ ಗೆಳೆಯನ ಮುಂದಿಟ್ಟೆ. ಚೀಟಿ ಇಲ್ಲದ್ದನ್ನು ಬರೆಯಲು ಬಿಟ್ಟರೆ ಪ್ರತಿಯೊಬ್ಬನೂ ತನಗೆ ಬೇಕಾದಷ್ಟು ಸಂಬಳ ಬರೆದುಕೊಳ್ಳುತ್ತಾನೆ ಎಂದ. ಆ ಮಾತಿಗೆ ತೂಕವಿದೆ; ನಾನು ಖಾತೆಯನ್ನು ತಿದ್ದಲಾರೆ. ನನ್ನ ತಕರಾರು 'ಲಾಭ' ಎಂಬ ಶಬ್ದದ ಜೊತೆ. ಪಡೆಯದೆ ಬಿಟ್ಟ ಕೂಲಿಗೆ ಆ ಹೆಸರು ಹೇಗೆ ಸಲ್ಲುತ್ತದೆ?

ಈ ಗೋಡೆ ಅಷ್ಟೊಂದು ಸನಾತನವೂ ಅಲ್ಲ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ದ್ವಿನಮೂದು ಪದ್ಧತಿಯನ್ನು ವಿವರಿಸಿದ ಲೂಕಾ ಪಾಚೋಲಿ, ವ್ಯಾಪಾರಿ ಮೊದಲು ತನ್ನದೆಲ್ಲವನ್ನೂ ಪಟ್ಟಿಮಾಡಲಿ ಎನ್ನುತ್ತಾನೆ: ಸರಕಿನ ಜೊತೆಗೇ ಒಡವೆ, ಬಟ್ಟೆ, ಹಾಸಿಗೆ. ನಮ್ಮ ಕಾನೂನೂ ಸಾಲದ ವಿಷಯ ಬಂದಾಗ ಗೋಡೆಯನ್ನು ಕಾಣುವುದಿಲ್ಲ. ಏಕವ್ಯಕ್ತಿ ವ್ಯಾಪಾರದಲ್ಲಿ ಹೊಣೆಗೆ ಮಿತಿಯಿಲ್ಲ. ಖಾನಾವಳಿಯ ಸಾಲ ತೀರದಿದ್ದರೆ ಆಕೆಯ ಸ್ವಂತ ಉಳಿತಾಯವೂ ಅದಕ್ಕೆ ಹೊಣೆ. ದುಡಿಮೆ ಎಣಿಸುವಾಗ ನಿಲ್ಲುವ ಗೋಡೆ ಸಾಲ ವಸೂಲಿಗೆ ದಾರಿ ಬಿಡುತ್ತದೆ.

ಗಂಟೆಗಳ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ಮಗಳಿಗೆ ಪಗಾರ ಕೊಟ್ರ ಬರೀತೀಯೇನು?" ಎಂದರು. ನಿಜವಾಗಿ ಕೊಟ್ಟು ಚೀಟಿ ಇಟ್ಟರೆ ಬರೆಯಬಹುದು: 120 ಗಂಟೆಗೆ 7,500, ಲಾಭ ಅಷ್ಟು ಇಳಿಯುತ್ತದೆ. ಅವರ 14 ಗಂಟೆಗಳಿಗೆ ಮಾತ್ರ ಚೀಟಿ ಬರೆಯುವಂತಿಲ್ಲ.